ಕೈಗೆ ಕಟ್ಟಿದ ಮಗ

ಬೆಳಗಾವಿ ಪಕ್ಕದ ಸಾಂಬ್ರಾದ ನಮ್ಮ ಕಾಕಾನ ಮಗ ಬೆಂಗಳೂರಿನಿಂದ ವಿಮಾನದಲ್ಲಿ ಬಂದಿಳಿದ. ವಿಮಾನ ನಿಲ್ದಾಣ ಇರುವುದು ಊರಲ್ಲೇ. ಆದರೂ ಮನೆ ಮುಟ್ಟಲು ಅವನಿಗೆ ಎರಡು ವರ್ಷ ಹಿಡಿದಿತ್ತು. 72ರ ಅಪ್ಪನ ಕೈಗೆ ಸ್ಮಾರ್ಟ್ ವಾಚ್ ಬಿಗಿದು, "ಅಪ್ಪಾ, ದಿನಾ ಹತ್ತು ಸಾವಿರ ಹೆಜ್ಜಿ ಆಗಬೇಕ್ರಿ. ನಾ ಅಲ್ಲಿಂದನ ಫೋನಿನಾಗ ನೋಡ್ತಿರ್ತೇನಿ" ಎಂದವನೇ ಮರುದಿನ ಹಾರಿಹೋದ.

ಊರಿನ ವಾಯುಪಡೆ ತರಬೇತಿ ಶಾಲೆಯ ಹುಡುಗರಿಗಿಂತ ಮೊದಲೇ ಕಾಕಾನ ಕವಾಯತು ಶುರುವಾಯಿತು. ರಾತ್ರಿ ಊಟವಾದ ಮೇಲೂ ಓಣಿಯಲ್ಲಿ ಹಿಂದಕ್ಕೂ ಮುಂದಕ್ಕೂ. "ಯಾಕ್ರಿ ಕಾಕಾ, ಏನರ ಕಳದೈತೇನ್ರಿ?" ಎಂದು ಮಂದಿ ಬ್ಯಾಟರಿ ಹಿಡಿದು ಹುಡುಕಲು ಬಂದರು.

ಈ ಹತ್ತು ಸಾವಿರವೇನು ವೈದ್ಯರ ಚೀಟಿಯಲ್ಲಿ ಹುಟ್ಟಿದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸುವ ಯಂತ್ರ ಮಾರಲು ಇಟ್ಟ ಹೆಸರು 'ಮಾನ್ಪೊಕೆಯಿ', ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. 2019ರಲ್ಲಿ ಅಮೆರಿಕದ ಸಂಶೋಧಕರು ಸರಾಸರಿ 72 ವರ್ಷ ವಯಸ್ಸಿನ 16,000ಕ್ಕೂ ಹೆಚ್ಚು ಹೆಂಗಸರ ಹೆಜ್ಜೆ ಎಣಿಸಿದರು. 4,400 ಹೆಜ್ಜೆಗೇ ಸಾವಿನ ಪ್ರಮಾಣ ಇಳಿದಿತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಉಳಿದ 2,500 ಕಂಪನಿಯ ಖಾತೆಗೆ.

ಮೊಣಕಾಲು ಹಿಡಿದ ದಿನ ಕಾಕಾ ವಾಚನ್ನು ಕಾಕುವಿನ ಕೈಗೆ ದಾಟಿಸಿದ. ಆಕೆ ರೊಟ್ಟಿ ಬಡಿಯಲು ಕೂತಳು. ಬುಟ್ಟಿ ತುಂಬುವಷ್ಟರಲ್ಲಿ ಬೆಂಗಳೂರಿನ ಫೋನಿನಲ್ಲಿ ಅಪ್ಪ ಬೆಳಗಾವಿಯ ಹಾದಿ ಹಿಡಿದಿದ್ದ. ವಾಚಿಗೆ ಗೊತ್ತಾಗುವುದು ಮುಂಗೈಯ ಅಲುಗಾಟ, ಪಾಪ, ಕಾಲು ಅದಕ್ಕೆಲ್ಲಿ ಕಾಣಬೇಕು? ಅದೇ ಕಾಕು ಎರಡೂ ಕೈಯಲ್ಲಿ ಕೊಡ ಬಿಗಿಹಿಡಿದು ನಾಲ್ಕು ಸಲ ನೀರು ತಂದಳು. ಲೆಕ್ಕ ಮಿಸುಕಾಡಲಿಲ್ಲ.

"ನಾ ದುಡದದ್ದು ಇದಕ್ಕೂ ಕಾಣೂದಿಲ್ಲ ನೋಡಪಾ, ಥೇಟ್ ನಿಮ್ಮ ಕಾಕಾನಂಗ."

ಕಳೆದ ತಿಂಗಳು ವಾಚಿನ ಚಾರ್ಜು ಮುಗಿಯಿತು. ಅರ್ಧ ತಾಸಿನಲ್ಲಿ ಫೋನು. "ಅಪ್ಪಾ! ನಿಮ್ಮ ನಾಡಿನ ಬರವಲ್ದಲ್ರಿ!" ನಾಡಿ ಇದೆಯೆಂದು ಖಾತ್ರಿಯಾದ ಮೇಲೂ ಮಗ ಮಾತಾಡಿದ: ಮಳೆ, ಎಮ್ಮೆ, ಅವ್ವನ ಬೆನ್ನುನೋವು. ಪೂರಾ ಹದಿನೈದು ನಿಮಿಷ. ವಾಚು ಬಂದಾಗಿನಿಂದ ಇಷ್ಟು ಮಾತಾಡಿದ್ದು ಅದೇ ಮೊದಲು.

ಮೊನ್ನೆ ಹೋದಾಗ ಕಾಕಾ ಚಾರ್ಜರ್ ಹುಡುಕುತ್ತಿದ್ದ. ಕಾಕು ಜೋಳದ ಡಬ್ಬಿಯ ಮುಚ್ಚಳ ಒತ್ತಿ ಕೂತು ನನ್ನತ್ತ ಕಣ್ಣು ಮಿಟುಕಿಸಿದಳು.

"ಸೋಮಾರ ಸಿಗತೈತಿ ತಗೋರಿ. ಇವತ್ತ ಐತಾರ, ಹುಡುಗಗ ರಜಾ ಇರತೈತಿ."