ಮೂರನೇ ತೂತಿಗೆ ಅರ್ಥ ಇದೆಯಾ?

ರಾತ್ರಿ ಸ್ವಿಚ್ ಆರಿಸಿದ ಮೇಲೂ ಎಲ್‌ಇಡಿ ಬಲ್ಬು ಮಿಣಮಿಣ ಅಂತ ಜೀವ ಹಿಡ್ಕೊಂಡಿರೋದನ್ನು ನೀವೂ ನೋಡಿರ್ತೀರಿ, ಅಲ್ವಾ? ನಮ್ಮ ನಡುಮನೆಯಲ್ಲಿ ಆರು ತಿಂಗಳು ಅದೇ ಕಥೆ. ನನ್ನವಳಿಗಂತೂ ಜೀರೋ ಕ್ಯಾಂಡಲ್ ಬಲ್ಬು ಪುಕ್ಕಟೆ ಸಿಕ್ಕಿತು ಅಂತ ಖುಷಿ. ಮೊನ್ನೆ ಫ್ಯಾನ್ ನೋಡೋಕೆ ಬಂದ ಹುಡುಗ ಸುಮ್ಮನಿರಲಾರದೆ ಬಲ್ಬು ಬಿಚ್ಚಿ ಹೋಲ್ಡರಿಗೆ ಟೆಸ್ಟರ್ ಇಟ್ಟ. ಸ್ವಿಚ್ ಆಫ್ ಆಗಿದೆ, ಟೆಸ್ಟರ್ ಹೊಟ್ಟೆಯಲ್ಲಿ ಮಾತ್ರ ಝಗ್ ಅಂತ ಬೆಳಕು! “ಸಾರ್, ನಿಮ್ಮ ಸ್ವಿಚ್ಚು ನ್ಯೂಟ್ರಲ್ ಕಡೀತಾ ಇದೆ. ಫೇಸು ಮೇಲೆ ಹಾಗೇ ಕೂತಿದೆ” ಅಂದ.

ಅಲ್ಲಿಗೆ, ಇಷ್ಟು ವರ್ಷ ನಾನು ಸ್ವಿಚ್ ಆರಿಸಿ, ಧೈರ್ಯವಾಗಿ ಸ್ಟೂಲ್ ಹತ್ತಿ, ಬಲ್ಬು ತಿರುಗಿಸುವಾಗೆಲ್ಲ 230 ವೋಲ್ಟು ಬೆರಳಿನ ಪಕ್ಕದಲ್ಲೇ ಹೊಂಚು ಹಾಕಿತ್ತು. ದೀಪ ಆರೋಕೇನು, ಎರಡರಲ್ಲಿ ಯಾವ ತಂತಿ ಕಡಿದರೂ ಆರುತ್ತೆ. ಕಳ್ಳ ಬರೋ ಮುಂಬಾಗಿಲು ತೆರೆದಿಟ್ಟು ಹಿತ್ತಿಲ ಬಾಗಿಲಿಗೆ ಬೀಗ ಜಡಿದ ಹಾಗೆ. ಹಾಗಂತ ಮಿಣುಕೋ ಬಲ್ಬಿಗೆಲ್ಲ ಇದೇ ರೋಗ ಅಂತಲ್ಲ. ಸ್ವಿಚ್ಚಿನಲ್ಲೇ ಪುಟ್ಟ ಇಂಡಿಕೇಟರ್ ದೀಪ ಇದ್ದರೂ ಕೆಲವು ಬಲ್ಬು ಹೀಗೇ ಆಡುತ್ತವೆ.

ನಮ್ಮಜ್ಜನ ಮನೆ ಸ್ವಿಚ್ಚುಗಳು ನೆನಪಾಗುತ್ತವೆ ನೋಡಿ. ಮರದ ಹಲಗೆ ಮೇಲೆ ಕರ್ರಗೆ, ದುಂಡಗೆ, ದೋಸೆಹಿಟ್ಟಿನ ಸೌಟಿನಷ್ಟು. ಒತ್ತಿದರೆ ‘ಟಕ್’ ಅನ್ನೋ ಸದ್ದು ಕೊಟ್ಟಿಗೆವರೆಗೂ ಕೇಳೋದು. ರಾತ್ರಿ ಯಾರು ಎದ್ದರು, ಎಷ್ಟು ಸಲ ಎದ್ದರು ಅಂತ ಇಡೀ ಮನೆಗೆ ಲೆಕ್ಕ. ಅಮೆರಿಕದಿಂದ ಬಂದ ಭಾವ ಅದನ್ನು ಮೇಲಕ್ಕೆ ತಳ್ಳಿ ತಳ್ಳಿ ಕತ್ತಲಲ್ಲೇ ನಿಲ್ಲೋರು, ಪಾಪ. ಅಲ್ಲಿ ಮೇಲಕ್ಕೆ ಮಾಡಿದರೆ ದೀಪ ಹತ್ತುತ್ತಂತೆ!

ಅಜ್ಜನ ಮನೆಯ ಬಚ್ಚಲ ಹಿಂದೆ ಅರ್ತಿಂಗ್ ಗುಂಡಿ ಇತ್ತು. ಇದ್ದಿಲು ಒಂದು ಪದರ, ಉಪ್ಪು ಒಂದು ಪದರ, ನಡುವೆ ಕಬ್ಬಿಣದ ಪೈಪು. ಮಣ್ಣು ಒಣಗಿದರೆ ಕರೆಂಟು ಭೂಮಿಗೆ ಇಳಿಯೋಕೆ ಹಟ ಮಾಡುತ್ತೆ ಅಂತ ಬೇಸಿಗೆಯಲ್ಲಿ ದಿನಾ ಒಂದು ಬಕೆಟ್ ನೀರು ಹಾಕೋ ಕೆಲಸ ನನ್ನದು. ಅಜ್ಜಿ ಅಕ್ಕಿ ತೊಳೆದ ನೀರನ್ನೂ ಅಲ್ಲಿಗೇ ಸುರಿಯೋಳು. ಎರಡು ಬೇಸಿಗೆ ಕಾದೆ ನಾನು, ಏನೂ ಮೊಳಕೆ ಒಡೀಲಿಲ್ಲ.

ಈಗಿನ ಮನೆಗಳಲ್ಲಿ ಪ್ಲಗ್ ಪಾಯಿಂಟಿಗೆ ಮೂರು ತೂತು ತಪ್ಪದೇ ಇರುತ್ತೆ. ಮೇಲಿನ ದಪ್ಪ ತೂತಿಗೆ ಅರ್ಥ ಇದೆಯಾ ಅಂತ ಮಾತ್ರ ಯಾರೂ ಕೇಳಲ್ಲ. ಆ ಹುಡುಗ ನಮ್ಮನೆ ಬೋರ್ಡು ಬಿಚ್ಚಿದರೆ ಹಸಿರು ವೈರು ಮೂಲೆಯಲ್ಲಿ ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿತ್ತು! ಪ್ಲಗ್ಗಿನ ಆ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿರೋದು ಎಲ್ಲರಿಗಿಂತ ಮೊದಲು ತಾಗಲಿ, ಕೊನೆಗೆ ಬಿಡಲಿ ಅಂತ. ಅಷ್ಟು ನಿಯತ್ತಿನ ಪಿನ್ನು, ಹಿಂದೆ ತಂತಿಯೇ ಇಲ್ಲ ಅಂದರೆ ಏನು ಮಾಡುತ್ತೆ? ಅದಕ್ಕೇ ನಮ್ಮವಳು ಇಸ್ತ್ರಿ ಮಾಡುವಾಗ ಹವಾಯಿ ಚಪ್ಪಲಿ ಹಾಕ್ಕೋತಿದ್ದಳು. “ಸ್ವಲ್ಪ ಜುಮ್ ಅನ್ನುತ್ತೆ, ಅಷ್ಟೇ” ಅಂತ. ಅಷ್ಟೇನಾ!

ಮಳೆಗಾಲದಲ್ಲಿ ಗೋಡೆ ತೇವ ಆದಾಗ ಬೋರ್ಡಿನ ಸ್ಕ್ರೂ ತಾಗಿದರೂ ಹಾಗೇ. ಮೇಲೆ ಪ್ಲಾಸ್ಟಿಕ್ ಪ್ಲೇಟು, ಒಳಗೆ ಗೋಡೆಯಲ್ಲಿ ಹೂತಿರೋದು ಲೋಹದ ಪೆಟ್ಟಿಗೆ. ಅದಕ್ಕೂ ಅರ್ಥ್ ಕೊಡಬೇಕು. ಕೆಲವರು ಕೈ ಚಳಕ ತೋರಿಸಿ ಮೂರನೇ ತೂತಿಗೆ ನ್ಯೂಟ್ರಲ್ಲನ್ನೇ ಗಂಟು ಹಾಕಿ ಹೋಗ್ತಾರಂತೆ. ಆ ನ್ಯೂಟ್ರಲ್ ಎಲ್ಲಾದರೂ ಕಡಿದುಕೊಂಡ ದಿನ ಇಸ್ತ್ರಿಪೆಟ್ಟಿಗೆ ಮೈತುಂಬ ಫೇಸು. ಇನ್ನು ಬರೀ ವೈರನ್ನು ಬೆಂಕಿಕಡ್ಡಿ ಸಿಕ್ಕಿಸಿ ತೂತಿಗೆ ಚುಚ್ಚೋ ವಿದ್ಯೆ ನಮ್ಮಲ್ಲಿ ಯಾರಿಗೆ ಬರಲ್ಲ ಹೇಳಿ. ಮದುವೆ ಮನೆ ಸೀರಿಯಲ್ ಸೆಟ್ಟೆಲ್ಲ ಹೀಗೇ ಅಲ್ವಾ ಉರಿಯೋದು?

ಎಂಸಿಬಿ ಇದೆಯಲ್ಲ ಅಂತ ನಾನು ಎದೆಯುಬ್ಬಿಸಿ ಅಂದೆ. “ಅದು ವೈರು ಕಾಯುತ್ತೆ ಸಾರ್, ನಿಮ್ಮನ್ನಲ್ಲ” ಅಂದುಬಿಟ್ಟ! ಮನುಷ್ಯರನ್ನು ಕಾಯೋಕೆ 30 ಮಿಲಿಆಂಪಿನ ಆರ್‌ಸಿಸಿಬಿ ಬೇಕಂತೆ. ಅಷ್ಟು ಸೋರಿದರೆ ಸಾಕು, ಕಣ್ಣು ಮಿಟುಕಿಸೋದರೊಳಗೆ ಬೀಳುತ್ತಂತೆ. ಹಾಕಿಸಿದೆ. ಫೇಸು ಸ್ವಿಚ್ಚಿಗೆ ಬಂತು, ಹಸಿರು ವೈರೂ ತೂತಿಗೆ ಸೇರಿತು. ಪುಕ್ಕಟೆ ಜೀರೋ ಬಲ್ಬು ಹೋಯ್ತು ಅಂತ ಮನೆಯಲ್ಲಿ ಮುನಿಸು, ಅದು ಬಿಡಿ.

ಆಮೇಲೆ ಅರ್ತಿಂಗ್ ಪೈಪು ಎಲ್ಲಿದೆ ಅಂತ ಹುಡುಕಾಟ. ಬೆಳಗಿಂದ ಸುತ್ತಿ ಸುತ್ತಿ ಕೊನೆಗೆ ಸಿಕ್ಕಿದ್ದು ಇಲ್ಲೇ, ಕಾಂಪೌಂಡಿನ ಪಕ್ಕ. ನೀವು ಬಟ್ಟೆ ಒಣಹಾಕೋಕೆ ಕಬ್ಬಿಣದ ತಂತಿ ಬಿಗಿದಿದ್ದೀರಲ್ಲ, ಅದರ ಈಚೆ ತುದಿ ಕಟ್ಟಿರೋದು ನಮ್ಮ ಆ ಪೈಪಿಗೇ. ತಪ್ಪು ತಿಳೀಬೇಡಿ, ಸೀರೆ ಒಣಗಿದ ಮೇಲೇ ಬಿಚ್ಚಿದರಾಯ್ತು... ಅಥವಾ ಈಗಲೇ ಬಿಚ್ಚೋಣವಾ?