ಕಾಯಿ ಹಣ್ಣಾಗುವ ಊರು

ವೈಕುಂಠ ಏಕಾದಶಿಯ ರಾತ್ರಿ ಜಾಗರಣೆಗೆಂದು ಪರಮಪದ ಸೋಪಾನ ಪಟ ಆಡಿದವರಿಗೆ ಕಾಶಿಯ ವಿಷಯದಲ್ಲಿ ಒಂದು ಸಣ್ಣ ಅಸಮಾಧಾನ ಇದ್ದೇ ಇರುತ್ತದೆ. ಪಟದಲ್ಲಿ ಕಾಮ ಕ್ರೋಧಗಳ ಮನೆ ಒಂದೊಂದನ್ನೇ ದಾಟಿ, ಹಾವಿನ ಬಾಯಿಗೆ ಬಿದ್ದು, ಬಾಲದಿಂದ ಇಳಿದು, ಮತ್ತೆ ಹತ್ತಿ, ಬೆಳಗಿನ ಜಾವದ ಹೊತ್ತಿಗೆ ಹೇಗೋ ಮೇಲಿನ ಸಾಲು ಮುಟ್ಟಬೇಕು. ಕಾಶಿಯಲ್ಲಿ ಈ ರಗಳೆಯೇ ಇಲ್ಲ. ಇಲ್ಲಿ ಪ್ರಾಣ ಬಿಟ್ಟರೆ ಸಾಕು, ವಿಶ್ವನಾಥನೇ ಬಂದು ಕಿವಿಯಲ್ಲಿ ತಾರಕಮಂತ್ರ ಹೇಳಿ ಸಾಗಹಾಕುತ್ತಾನಂತೆ. ಕೆಳಗಿನ ಮನೆಯಿಂದ ತುತ್ತತುದಿಗೆ ಒಂದೇ ಏಣಿ. ರಾತ್ರಿಯಿಡೀ ಕಣ್ಣು ತಿಕ್ಕಿಕೊಂಡು ನಿಯತ್ತಾಗಿ ಆಡಿದವರ ಹೊಟ್ಟೆ ಉರಿಯದೆ ಇರುತ್ತದೆಯೆ?

ಆಟದ ಕಣ್ಣಿನಿಂದ ನೋಡಿದರೆ ಈ ಊರೇ ಒಂದು ಪಟ. 84 ಘಾಟುಗಳು ಸಾಲಾಗಿ ಮನೆಗಳು. ಅಸ್ಸಿ, ದಶಾಶ್ವಮೇಧ, ಆದಿಕೇಶವ, ಪಂಚಗಂಗಾ, ಮಣಿಕರ್ಣಿಕಾ ಎಂದು ಐದು ಕಟ್ಟೆ ಮುಟ್ಟಿ ಬಂದರೆ ಪಂಚತೀರ್ಥಿ. ಇನ್ನೂ ಕಸುವಿದ್ದವರಿಗೆ ಪಂಚಕ್ರೋಶಿ ಯಾತ್ರೆ: ಐದು ದಿನ, ಸುಮಾರು 80 ಕಿಲೋಮೀಟರ್, 108 ತಾಣ. ನಡುನಡುವೆ ಹಾವುಗಳೂ ಇವೆ. ದೋಣಿಯವನು, ರಿಕ್ಷಾದವನು, ‘ನಿಮ್ಮ ತಾತ ಬಂದಾಗಲೂ ನಮ್ಮ ತಾತನೇ ಪೂಜೆ ಮಾಡಿಸಿದ್ದು’ ಎಂದು ವಹಿ ಬಿಚ್ಚುವ ಪಂಡ. ಯಾರ ಬಾಯಿಗೆ ಬಿದ್ದರೂ ಇಳಿಯುವುದು ಒಂದೇ ಕಡೆ, ಜೇಬಿನ ತಳಕ್ಕೆ.

ನಾನು ಈ ಪಟಕ್ಕೆ ಬಂದಿಳಿದದ್ದು ಸೋದರತ್ತೆಯನ್ನು ಕರೆದುಕೊಂಡು. ಜೊತೆಗೆ ಅಕ್ಕನ ಮಗ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಆದರೆ ಅದು ಹೊಟ್ಟೆಪಾಡಿಗೆ. ಅವನ ನಿಜವಾದ ಕಸುಬು ಟೇಬಲ್‌ಟಾಪ್ ಗೇಮಿಂಗ್. ಕಂಪನಿ ಅಮೆರಿಕಕ್ಕೆ ಕಳಿಸಿದಾಗ ಅವನು ನಯಾಗರಾ ನೋಡಲಿಲ್ಲ. ರಜೆ ಹಾಕಿ ಇಂಡಿಯಾನಾಪೊಲಿಸ್‌ಗೆ ಹೋಗಿ ‘ಜೆನ್ ಕಾನ್’ ಎಂಬ ಆಟದ ಜಾತ್ರೆ ನೋಡಿಕೊಂಡು ಬಂದ. ರೈಲಿನಲ್ಲಿ ಅದರ ಮಹಾತ್ಮೆ ಶುರುವಾಯಿತು. ವಿಮಾ ಕಂಪನಿಯಲ್ಲಿ ನೌಕರನಾಗಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬಾತ 1968ರಲ್ಲಿ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿನ ಒಂದು ಹಾಲ್ ಬಾಡಿಗೆಗೆ ಹಿಡಿದು ಆಟದ ಹುಚ್ಚಿನವರನ್ನೆಲ್ಲ ಸೇರಿಸಿದನಂತೆ. ಈಗ ಅಲ್ಲಿ ನಾಲ್ಕು ದಿನ ಹತ್ತಾರು ಸಾವಿರ ಜನ. ಜರ್ಮನಿಯ ಎಸ್ಸೆನ್‌ನಲ್ಲಿ 1983ರಿಂದ ನಡೆಯುವ ಜಾತ್ರೆ ಇನ್ನೂ ದೊಡ್ಡದು, 2019ರಲ್ಲಿ ಎರಡು ಲಕ್ಷ ದಾಟಿತ್ತು.

ಅತ್ತೆ ಚಕ್ಕುಲಿ ಮುರಿಯುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. “ಟೇಬಲ್ ಮೇಲೆ ಯಾಕೋ? ಅವರಿಗೆ ನೆಲ ಇಲ್ಲವೆ?”

“ಅಜ್ಜೀ, ಕಾಲು ಮಡಿಸಿ ಕೂರೋಕೆ ಬರಲ್ಲ ಅವರಿಗೆ.”

“ಅಯ್ಯೋ ಪಾಪ.”

ಆಮೇಲೆ ಅವನು 1974ರಲ್ಲಿ ಅದೇ ಗೈಗ್ಯಾಕ್ಸ್ ಡೇವ್ ಆರ್ನೆಸನ್ ಜೊತೆ ಸೇರಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ವಿಚಾರಕ್ಕೆ ಬಂದ. ಒಬ್ಬ ಮಾಸ್ಟರ್ ಕೂತು ಕಥೆ ಹೇಳುತ್ತಾನೆ. ಉಳಿದವರು ಕಥೆಯೊಳಗಿನ ಪಾತ್ರಗಳು. ಒಬ್ಬ ಮಂತ್ರವಾದಿ, ಒಬ್ಬ ಕಳ್ಳ, ಒಬ್ಬ ಯೋಧ. ಗುಹೆಯೊಳಗೆ ರಾಕ್ಷಸ ಎದುರಾದರೆ ಗೆಲ್ಲುವುದೋ ಸಾಯುವುದೋ ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಒಂದು ಕಥೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ನಡೆಯುತ್ತದೆ. ಅತ್ತೆ ಒಂದು ಕ್ಷಣ ಯೋಚಿಸಿ, “ಹರಿಕಥೆ ದಾಸರ ಕೈಗೆ ಕವಡೆ ಕೊಟ್ಟಂಗಾಯ್ತು” ಅಂದರು. ನನಗೆ ಅರ್ಧ ದಿನ ಅರ್ಥವಾಗದೇ ಇದ್ದದ್ದು ಆಗ ಅರ್ಥವಾಯಿತು.

ಹುಡುಗನ ವಾದ ಇಷ್ಟು: ಆಟ ಆಡಲು ಜನ ದೇಶಾಂತರದಿಂದ ಒಂದೆಡೆ ಸೇರುವ ಸಂಸ್ಕೃತಿ ನಮ್ಮಲ್ಲಿಲ್ಲ. ಇದನ್ನು ಅವನು ಅಸ್ಸಿ ಘಾಟಿನ ಮೆಟ್ಟಿಲ ಮೇಲೆ ನಿಂತು ಹೇಳಿದ. ಹೇಳಿದ ಮೆಟ್ಟಿಲಿಗಿಂತ ಎರಡು ಮೆಟ್ಟಿಲು ಕೆಳಗೆ ಚದುರಂಗ ನಡೆಯುತ್ತಿತ್ತು.

ರೆಕ್ಸಿನ್ ಹಾಸು, ಪ್ಲಾಸ್ಟಿಕ್ ಕಾಯಿ, ಕಳೆದುಹೋದ ಒಂದು ಕಾಲಾಳಿನ ಜಾಗದಲ್ಲಿ ಸೀಸೆಯ ಮುಚ್ಚಳ. ಒಂದು ಕಡೆ ವಯಸ್ಸಾದ ಒಬ್ಬರು, ಇನ್ನೊಂದು ಕಡೆ ಹಿಂದೂ ವಿಶ್ವವಿದ್ಯಾಲಯದ ಹುಡುಗ. ಸುತ್ತ ಏಳೆಂಟು ಜನ ನೋಡುವವರು. ನೋಡುವವರು ಅಂದೆ, ತಪ್ಪು ತಿಳಿಯಬೇಡಿ. ಆಟ ಆಡುತ್ತಿದ್ದವರೇ ಅವರು. ಕೂತಿದ್ದ ಇಬ್ಬರೂ ಕಾಯಿ ಎತ್ತಿಡುವ ಸಂಬಳವಿಲ್ಲದ ನೌಕರರು. “ಅರೇ ಗುರೂ, ಊಂಟ್ ಬಚಾವೊ!” ಎಂದು ಒಬ್ಬ ಒಂಟೆ ಉಳಿಸಲು ಕೂಗಿದರೆ ಇನ್ನೊಬ್ಬ ಅದೇ ಒಂಟೆಯನ್ನು ಬಲಿಕೊಡಲು ಹೇಳುತ್ತಿದ್ದ. ಎಲ್ಲರಿಗಿಂತ ದೊಡ್ಡ ಪಂಡಿತ ಮಾತ್ರ ಮೌನವಾಗಿದ್ದ. ಬಾಯಿ ತುಂಬ ಪಾನ್. ಬನಾರಸಿ ಪಾನನ್ನು ಒಂದು ಕುದುರೆಗೋಸ್ಕರ ಉಗುಳಲು ಮನಸ್ಸಿಲ್ಲ, ಸಲಹೆ ಕೊಡದೆ ಇರಲೂ ಆಗದು. ಹುಬ್ಬು ಎಡಕ್ಕೆ ಹಾರಿಸಿದರೆ ಆನೆ, ಬಲಕ್ಕೆ ಹಾರಿಸಿದರೆ ಮಂತ್ರಿ. ಕೊನೆಗೆ ತಡೆಯಲಾರದೆ ಕತ್ತನ್ನು ಆಕಾಶಕ್ಕೆ ಎತ್ತಿ, ತುಂಬಿದ ಕೊಡ ತುಳುಕದ ಹಾಗೆ ಏನೋ ಗೊಳಗೊಳ ನುಡಿದ. ಅದು ಯಾರಿಗೂ ತಿಳಿಯಲಿಲ್ಲ. ಆದರೆ ಎಲ್ಲರೂ “ಸಹೀ ಬಾತ್” ಅಂದರು.

ಅಷ್ಟರಲ್ಲಿ ಜಗಳ ಹತ್ತಿತು. ಹಿರಿಯರು ತಮ್ಮ ರಾಜನನ್ನು ಕುದುರೆಯ ನಡೆಯಲ್ಲಿ ಛಂಗನೆ ಹಾರಿಸಿಬಿಟ್ಟಿದ್ದರು. ದೇಸಿ ಆಟದಲ್ಲಿ ರಾಜನಿಗೆ ಒಂದು ಸಲ ಆ ಸವಲತ್ತಿದೆ. ಕಾಲಾಳು ಮಾತ್ರ ಮೊದಲ ಸಲವೂ ಒಂದೇ ಮನೆ ಹೋಗಬೇಕು. ಹುಡುಗ ಅಂತಾರಾಷ್ಟ್ರೀಯ ನಿಯಮ ಎತ್ತಿದ, ಫೋನು ತೆಗೆದ. ಹಿರಿಯರು ಗಂಗೆಯ ಕಡೆ ಕೈ ತೋರಿಸಿ, ಈ ಆಟ ಇಲ್ಲಿಂದ ಹೋದದ್ದೋ ಅಲ್ಲಿಂದ ಬಂದದ್ದೋ ಎಂದು ಕೇಳಿದರು. ನಮ್ಮ ಹುಡುಗನ ಕಣ್ಣು ಆಗ ಅರಳಿತು. ಇಂಡಿಯಾನಾಪೊಲಿಸ್‌ನಲ್ಲೂ ಆಟಕ್ಕಿಂತ ಹೆಚ್ಚು ಹೊತ್ತು ನಡೆಯುವುದು ಇದೇ ಅಂತೆ. ನಿಯಮಪುಸ್ತಕ ಬಾಯಿಪಾಠ ಮಾಡಿಕೊಂಡು ಜಗಳಕ್ಕೆ ಬರುವವರಿಗೆ ಅಲ್ಲಿ ‘ರೂಲ್ಸ್ ಲಾಯರ್’ ಅಂತ ಬಿರುದೇ ಇದೆ. ಬನಾರಸಿನಲ್ಲಿ ಬಿರುದು ಕೊಡುವ ಪದ್ಧತಿಯಿಲ್ಲ. ಕೊಡಲು ಹೊರಟರೆ ಊರಿನವರಿಗೆಲ್ಲ ಕೊಡಬೇಕಾಗುತ್ತದೆ.

ಈ ಹುಚ್ಚನ್ನು ಚೆನ್ನಾಗಿ ಬಲ್ಲ ಪ್ರೇಮಚಂದರು ಇದೇ ಕಾಶಿಯ ಪಕ್ಕದ ಲಮ್ಹಿಯಲ್ಲಿ 1880ರಲ್ಲಿ ಹುಟ್ಟಿದವರು. 1924ರ ಅವರ ‘ಶತರಂಜ್ ಕೆ ಖಿಲಾಡಿ’ ಕಥೆಯಲ್ಲಿ ಲಖನೌದ ಇಬ್ಬರು ಜಾಗೀರುದಾರರು ಮನೆ ಮರೆತು ಆಡುತ್ತಾರೆ. ಕುಂಪಣಿಯವರು ಬಂದು ನವಾಬನನ್ನು ಹಿಡಿದುಕೊಂಡು ಹೋದರೂ ಏಳುವುದಿಲ್ಲ. ಕೊನೆಗೆ ಮರದ ಮಂತ್ರಿಗಾಗಿ ಕತ್ತಿ ಹಿರಿದು ಇಬ್ಬರೂ ಸಾಯುತ್ತಾರೆ. ಸತ್ಯಜಿತ್ ರಾಯ್ 1977ರಲ್ಲಿ ಇದನ್ನೇ ಸಿನಿಮಾ ಮಾಡಿದರು. ಮೈಸೂರಿನವನಾದ ನನಗೆ ಇಲ್ಲೊಂದು ಹೆಮ್ಮೆಯಿದೆ. ಲಖನೌದವರು ಆಡುತ್ತಾ ರಾಜ್ಯ ಕಳೆದುಕೊಂಡರು. ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು ಮೊದಲು ಆಡಳಿತ ಕಳೆದುಕೊಂಡು, ಆಮೇಲೆ ಸಾವಕಾಶವಾಗಿ ಆಡಿದರು. ಕ್ರಮ ಅಂದರೆ ಇದು. 1831ರಲ್ಲಿ ಬ್ರಿಟಿಷರು ಅಧಿಕಾರ ಕಿತ್ತುಕೊಂಡ ಮೇಲೆ ಇನ್ನು ರಾಜರಿಗೆ ಕಂದಾಯದ ಲೆಕ್ಕ ನೋಡುವ ತಾಪತ್ರಯವಿಲ್ಲ. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯಲ್ಲಿ ಒಂದು ನಿಧಿಯೇ ಆಟಗಳಿಗೆ ಮೀಸಲು. ಗಂಜೀಫಾ ಎಲೆಗಳಲ್ಲಿ ಹೊಸಹೊಸ ಆಟ ಹೂಡಿದರು. ಚದುರಂಗದ ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಇಳಿಸಿ, ಹೆಜ್ಜೆಯ ಅಂಕಿಗಳನ್ನು ಅಡ್ಡ ಕೂಡಿದರೂ ಉದ್ದ ಕೂಡಿದರೂ 260 ಬರುವಂತೆ ಮಾಡಿದರು. ಇವತ್ತಿಗೂ ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಕ್ರೀಡಾ ಕೌಶಲ್ಯ’ ಅಂತ ಹಳೆಯ ಮಣೆಯಾಟಗಳ ಪ್ರದರ್ಶನ ನಡೆಸುತ್ತಾರೆ. ಪಗಡೆ ಹಾಸು, ಅಳಗುಳಿ ಮಣೆ, ಹುಲಿಕುರಿ ಎಲ್ಲ ನೋಡಲು ಸಿಗುತ್ತವೆ. ಅತ್ತೆ ಅಲ್ಲಿಗೂ ಹೋಗಿದ್ದರು. ಗೆಲ್ಲಲು ಯಾರೂ ಸಿಗಲಿಲ್ಲವೆಂದು ಬೇಜಾರು ಮಾಡಿಕೊಂಡು ಬಂದರು.

ಕಾಶಿಯಲ್ಲಿ ಸಿಕ್ಕರು. ನಾವಿದ್ದದ್ದು ಹನುಮಾನ್ ಘಾಟಿನ ಆಸುಪಾಸಿನ ಒಂದು ಛತ್ರ. ಅಲ್ಲೇ ಕರ್ನಾಟಕದ ಹೆಸರಿನ ಘಾಟೂ ಇದೆ, ಸುತ್ತ ದಕ್ಷಿಣದವರ ಬಿಡಾರ, ಇಡ್ಲಿಗೂ ಕೊರತೆಯಿಲ್ಲ. ಮಧ್ಯಾಹ್ನ ಗರ್ಭಗುಡಿಯ ಕ್ಯೂ ನೋಡಿ ಸುಸ್ತಾದ ಅತ್ತೆ ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಐದೈದು ಇಪ್ಪತ್ತೈದು ಮನೆ ಬರೆದು, ಕಟ್ಟೆಗಳಿಗೆ ಕತ್ತರಿ ಗುರುತು ಹಾಕಿ, ಸೊಂಟದ ಚೀಲದಿಂದ ನಾಲ್ಕು ಕವಡೆ ತೆಗೆದರು. ತೀರ್ಥಯಾತ್ರೆಗೆ ಕವಡೆ ತರುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಕವಡೆಯ ಸದ್ದಿಗೆ ಪಕ್ಕದ ಕೋಣೆಯಿಂದ ಇಂದೋರಿನ ಹೆಂಗಸೊಬ್ಬರು ಹೊರಗೆ ಬಂದು “ಅಷ್ಟಾ ಚಂಗಾ!” ಅಂದರು. ಮಹಡಿಯಿಂದ ರಾಜಮಹೇಂದ್ರಿಯವರು ಇಣುಕಿ “ಅಷ್ಟಾಚಮ್ಮ!” ಅಂದರು. ಅತ್ತೆ ಇಬ್ಬರನ್ನೂ ಕನಿಕರದಿಂದ ನೋಡಿ “ಚೌಕಾಬಾರ” ಅಂತ ತಿದ್ದಿದರು. ನಾಲ್ಕನೆಯ ಕೈಗೆ ಹುಡುಗ ಕೂತ. ಬಳೆಚೂರು ಹಸಿರು, ಕಡಲೆಕಾಳು, ಹುಣಸೆಬೀಜ, ಅವನಿಗೆ ಹರಿದ ಮಣಿಸರದ ಕೆಂಪು ಮಣಿಗಳು.

ನಿಯಮದ ಮಾತುಕತೆ ಅರ್ಧ ಗಂಟೆ ನಡೆಯಿತು. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲವೆಂದು ಅತ್ತೆ. ಮೂರು ಸಲ ಮೇಲಿಂದ ಮೇಲೆ ಬಾರ ಬಿದ್ದರೆ ಲೆಕ್ಕವೆಲ್ಲ ಸುಟ್ಟುಹೋಯಿತೆಂದು ಇಂದೋರು. ಇಬ್ಬರೂ ಹೇಳುವುದು ತಮ್ಮೂರಿನಲ್ಲಿ ಮಕ್ಕಳಾಟವೆಂದು ರಾಜಮಹೇಂದ್ರಿ. ಮೂವರಿಗೂ ಪರಸ್ಪರ ಭಾಷೆ ಬಾರದು. ಹುಡುಗ ಜೆನ್ ಕಾನ್‌ನ ಅನುಭವದಿಂದ ಮಧ್ಯಸ್ಥಿಕೆಗೆ ಹೋದ. ಮೂವರೂ ಒಟ್ಟಾಗಿ ಅವನನ್ನು ಗದರಿದರು. ಒಮ್ಮತ ಮೂಡಿದ್ದು ಅಲ್ಲಿಯೇ.

ಇನ್ನೊಂದು ವಿಷಯ. ಕಾಶಿಗೆ ಬಂದವರು ಇಷ್ಟವಾದದ್ದೊಂದನ್ನು ಬಿಟ್ಟುಹೋಗಬೇಕೆಂಬುದು ನಮ್ಮಲ್ಲಿ ರೂಢಿ. ಅತ್ತೆಗೆ ಹೇಗಿದ್ದರೂ ಸೇರದ ಹಾಗಲಕಾಯಿಯನ್ನು ಅವರು ಮೊದಲ ದಿನವೇ ಗಂಗೆಯಲ್ಲಿ ಬಿಟ್ಟಿದ್ದರು. “ಕವಡೆ ಬಿಡಬಾರದಿತ್ತೆ?” ಎಂದು ನಾನು ಕೇಳಿದ್ದಕ್ಕೆ, “ಶಿವನೇ ಪಾರ್ವತಿಯ ಕೂಡೆ ಪಗಡೆ ಆಡಿ ಸೋತವನು. ಅವನೇ ಬಿಟ್ಟಿಲ್ಲ, ನಾನ್ಯಾಕೆ ಬಿಡಲಿ?” ಅಂದಿದ್ದರು.

ಆಟ ಸಂಜೆಗೂ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಸಾರನಾಥಕ್ಕೆ ಹೇಳಿಟ್ಟಿದ್ದ ಆಟೋದವನು ಬಂದ. ಮೊದಲು ಬಾಗಿಲಲ್ಲಿ ನಿಂತು ಹಾರನ್ ಹೊಡೆದ. ಆಮೇಲೆ ಒಳಗೆ ಬಂದು ವೇಟಿಂಗ್ ಚಾರ್ಜಿನ ಮಾತೆತ್ತಿದ. ಆಮೇಲೆ ಚಪ್ಪಲಿ ಬಿಟ್ಟು ಜಗಲಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತ. ನಮ್ಮ ಹುಡುಗನ ಕೊನೆಯ ಕಾಯಿ ಒಳಸುತ್ತಿನಲ್ಲಿತ್ತು, ಹಣ್ಣಾಗಲು ಎರಡೇ ಮನೆ ಬಾಕಿ. ಅತ್ತೆಗೆ ಚೌಕ ಬಿತ್ತು. ಯಾವ ಕಾಯಿ ನಡೆಸಲಿ ಎಂದು ಅವರು ಯೋಚಿಸುತ್ತಿರುವಾಗ ಆಟೋದವನು ಮುಂದೆ ಬಾಗಿ, “ಮಾತಾಜೀ, ಪಹಲೇ ಲಾಲ್‌ವಾಲೀ ಕೋ ಮಾರಿಯೇ” ಅಂದ.

ಅತ್ತೆಗೆ ಹಿಂದಿಯ ಒಂದಕ್ಷರ ಬರುವುದಿಲ್ಲ. ಕೆಂಪು ಮಣಿಯನ್ನು ಹೊಡೆದು ಅವನಿಗೊಂದು ಚಕ್ಕುಲಿ ಕೊಟ್ಟರು.