ಎಮ್ಮಿ ಎಲ್ಲೈತ್ರೀ ಮಾಸ್ತರ?

ಲಗ್ನದ ಸೀಜನ್ ಮುಗಿದೊಡನೆ ಊರೂರಿನ ಸ್ಟುಡಿಯೋ ಹುಡುಗರನ್ನು ಕೂಡಿಸಿ ಫೋಟೋಗ್ರಫಿ ಪಾಠ ಹೇಳುವುದು ನನ್ನ ಚಟ. ಅಕ್ಕಿಕಾಳು ಕಣ್ಣಿಗೆ ಬೀಳುತ್ತಿದ್ದರೂ, ಬೀಗರ ಮೊಣಕೈ ಪಕ್ಕೆಗೆ ತಿವಿಯುತ್ತಿದ್ದರೂ ತಾಳಿಯ ಗಂಟನ್ನು ತಪ್ಪದೆ ಹಿಡಿಯುವ ಹುಡುಗರಿವರು. ಇವರಿಗೆ ಉಪಯೋಗದ ಪಾಠ ಹೇಳಹೋದರೆ ನನ್ನ ಬಂಡವಾಳ ಬಯಲಾಗುತ್ತದೆ. ಅದಕ್ಕೇ ಸೃಜನಶೀಲ ಅಸೈನ್‌ಮೆಂಟ್ ಕೊಡುತ್ತೇನೆ.

ರೋಣದಲ್ಲಿ ಕೊಟ್ಟದ್ದು: ಎರಿ ಹೊಲದಲ್ಲಿ ಕರಿ ಎಮ್ಮೆ.

ಕ್ಯಾಮೆರಾದ ಮೀಟರು ಜಗತ್ತೆಲ್ಲ ನಡುಬೂದು ಎಂದು ನಂಬಿ ಕೂತಿರುತ್ತದೆ. ಬಿದ್ದ ಬೆಳಕಿನಲ್ಲಿ 18 ಪರ್ಸೆಂಟ್ ಹಿಂದಿರುಗಿಸುವ ಬೂದುಬಣ್ಣ ಅದರ ದೇವರು. ಕರಿ ಕಂಡರೆ ಬೆಳಕು ಏರಿಸಿ ಬೂದಿ ಮಾಡುತ್ತದೆ, ಸುಣ್ಣ ಬಳಿದ ಗುಡಿ ಕಂಡರೆ ಇಳಿಸಿ ಕೊಳೆ ಮಾಡುತ್ತದೆ. ಇದನ್ನು ಹಲಗೆಯ ಮೇಲೆ ಬರೆದೇ ತಿಳಿಸಬಹುದಿತ್ತು. ಆದರೆ ಹಲಗೆಯಲ್ಲಿ ಎಮ್ಮೆಯ ಗಮ್ಮತ್ತೆಲ್ಲಿ?

ಎಮ್ಮೆಯ ಒಡತಿ ಅಜ್ಜಿ, “ಇನ್ಶೂರೆನ್ಸ್‌ನವರೇನ್ರಿ?” ಎಂದವಳೇ ಅದರ ಕಿವಿ ಹಿಡಿದು ಬಿಲ್ಲೆಯ ನಂಬರು ನಮ್ಮತ್ತ ತಿರುಗಿಸಿ, ತಾನೂ ಸೆರಗು ಸರಿಪಡಿಸಿಕೊಂಡು ನಿಂತಳು. ಕಿವಿ ಬಿಡವ್ವಾ ಎಂದು ಕೈಮುಗಿದೆ.

“ಬಿಲ್ಲಿ ಕಾಣದ ಫೋಟೋಕ್ಕ ರೊಕ್ಕ ಕೊಡ್ತಾರೇನ್ ತಮ್ಮಾ?”

ಕಲೆಗೆ ಯಾರೂ ರೊಕ್ಕ ಕೊಡುವುದಿಲ್ಲ ಎಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿ ಕಿವಿ ಬಿಟ್ಟಳು. ಹುಡುಗನೊಬ್ಬ ಕ್ಲಿಕ್ಕಿಸಿ ತೋರಿಸಿದ.

“ಯವ್ವಾ! ನಮ್ಮೆಮ್ಮಿಗೆ ಬೂದಿ ಬಡದೀರಲ್ಲೋ! ಈ ಬಣ್ಣ ಕಂಡು ಸಂತ್ಯಾಗ ಯಾಂವ ಹಲ್ಲು ನೋಡ್ಯಾನು?”

ನಾನು ಕಾದಿದ್ದ ಘಳಿಗೆಯೇ ಇದು. ಗತ್ತಿನಿಂದ, “ಎರಡು ಸ್ಟಾಪ್ ಇಳಿಸು” ಎಂದೆ. ಎಮ್ಮೆ ಕರ್ರಗಾಯಿತು. ಹೊಲವೂ ಕರ್ರಗಾಯಿತು. ಪರದೆಯ ಮೇಲೆ ಉಳಿದದ್ದು ಕಿವಿಯ ಹಳದಿ ಬಿಲ್ಲೆಯೊಂದೇ.

“ಎಮ್ಮಿ ಎಲ್ಲೈತ್ರೀ ಮಾಸ್ತರ?”

ಇಗೋ ಇದು ಕೊಂಬು ಎಂದು ಬೆರಳಿಟ್ಟೆ. ಅದು ಬದುವಿನ ಜಾಲಿ ಎಂದು ಹುಡುಗ ತಿದ್ದಿದ. ಸಂಡೂರಿನ ಎಂ. ವೈ. ಘೋರ್ಪಡೆಯವರು ಕಾಡುಪ್ರಾಣಿಗಳನ್ನು ಕಪ್ಪು-ಬಿಳುಪಿನಲ್ಲೇ ತೆಗೆದು ಹೆಸರಾದವರು ಎಂದು ಆಸರೆ ಹುಡುಕಿದೆ. “ಅವರ ಪ್ರಾಣಿ ಕಾಣ್ತಿದ್ವಿಲ್ರಿ?” ಎಂದಳು ಅಜ್ಜಿ. ಕಾಣುತ್ತಿದ್ದವು. ಅಷ್ಟರಲ್ಲಿ ಎಮ್ಮೆ ಕೆಳಗೆ ಬಿದ್ದಿದ್ದ ನನ್ನ ಲೆನ್ಸಿನ ಮುಚ್ಚಳವನ್ನು ಮೂಸಿ, ತಿನ್ನಲು ತಕ್ಕದ್ದಲ್ಲವೆಂದು ತೀರ್ಮಾನಿಸಿ, ಮೆಟ್ಟಿಕೊಂಡು ನಡೆಯಿತು.

ಗಜೇಂದ್ರಗಡದಲ್ಲಿ ಗಾಳಿಯ ಫೋಟೋ ತನ್ನಿರೆಂದೆ. ಎಲ್ಲರೂ ಗುಡ್ಡದ ಗಾಳಿಯಂತ್ರವನ್ನೇ ತಂದರು. ಅದರ ಮುಂದೆ ಪ್ರೀವೆಡ್ಡಿಂಗ್ ಜೋಡಿ, ಹುಡುಗಿಯ ಮುಖ ಮೈದಾಹಿಟ್ಟಿನಂತೆ ಬೆಳ್ಳಗೆ. “ಬೀಗರು ಕೇಳ್ತಾರ್ರಿ ಸರ.” ಎಮ್ಮೆಯ ಬಣ್ಣ ತಿಳಿಯಾದರೆ ಜಗಳಕ್ಕೆ ನಿಲ್ಲುವ ಸೀಮೆಯಲ್ಲಿ ಮದುಮಗಳು ತನ್ನ ಬಣ್ಣದಲ್ಲೇ ಬಂದರೆ ಆಲ್ಬಮ್ ವಾಪಸ್! ಮೀಟರಿನದು ಮೂಢತನ, ಅದನ್ನು ಕ್ಷಮಿಸಬಹುದು. ಬೀಗರನ್ನು ಕ್ಷಮಿಸಲಾರೆ.

ನರಗುಂದದಲ್ಲಿ ಕೇಳಿದ್ದು ಮುಖವಿಲ್ಲದ ಭಾವಚಿತ್ರ. 1858ರಲ್ಲಿ ಬ್ರಿಟಿಷರ ವಿರುದ್ಧ ಬಂಡೆದ್ದ ಇಲ್ಲಿನ ಅರಸ ಬಾಬಾಸಾಹೇಬನ ಕಡೆಯವರು ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್ ಸಾಹೇಬನ ತಲೆಯನ್ನೇ ಊರಬಾಗಿಲಿಗೆ ತೂಗುಹಾಕಿದ ಊರಿದು. ಬರೀ ಮುಂಡ ಕೇಳಿದವನು ನಾನೇ ಇರಬೇಕು. ಜೋಳದ ರಾಶಿಯ ಮೇಲಿನ ಕೈಗಳನ್ನು ಒಬ್ಬ ಚಂದವಾಗಿ ತೆಗೆದಿದ್ದ. ಆ ಕೈಗಳ ಒಡತಿ ಮುದುಕಿ ಕೇಳಿದಳಂತೆ: “ಮಾರಿ ಇಲ್ಲದ್ದನ್ನ ನಾ ಸತ್ತಮ್ಯಾಲ ಗ್ವಾಡಿಗೆ ಹೆಂಗ ಹಾಕ್ತಾರಪಾ?”

ಹುಡುಗರು ನಗಲಿಲ್ಲ. ಅವರ ಅಂಗಡಿಗೆ ಇಂಥ ಕೆಲಸ ಬರುತ್ತಲೇ ಇರುತ್ತದೆ. ತೀರಿಕೊಂಡವರ ಆಧಾರ್ ಕಾರ್ಡು ತರುತ್ತಾರೆ, ಹೆಬ್ಬೆರಳಿನಷ್ಟೂ ಇಲ್ಲದ ಮಸುಕು ಮುಖವನ್ನು ಹಿಗ್ಗಿಸಿ, ಬದುಕಿದ್ದಾಗ ತೊಡದ ಕೋಟು ತೊಡಿಸಿ, ಸಂಜೆಯೊಳಗೆ ಫ್ರೇಮು ಹಾಕಿಕೊಡಬೇಕು. ಮಕ್ಕಳ ಬಳಿ ಬೇರೆ ಫೋಟೋ ಇರುವುದಿಲ್ಲ.

ಆದ್ದರಿಂದ ಓದುಗರಿಗೆ ನನ್ನದೊಂದು ಅಸೈನ್‌ಮೆಂಟ್. ಮನೆಯ ಹಿರಿಯರನ್ನು ಈ ವಾರವೇ ಬಾಗಿಲ ಬೆಳಕಿಗೆ ಕೂಡಿಸಿ ಒಂದು ಫೋಟೋ ತೆಗೆಯಿರಿ. ಮುಖ ಪೂರ್ತಿ ಬರಲಿ. ಬೆಳ್ಳಗೆ ಮಾಡಬೇಡಿ.